ಮನೆ ಕಟ್ಟುವಾಗ ಕೆಲಸಗಾರ ಬಿದ್ದರೆ ಹಣ ಯಾರು ಕೊಡಬೇಕು? ಕರ್ನಾಟಕದಲ್ಲಿ ಗುತ್ತಿಗೆದಾರರ ಲೈಸೆನ್ಸ್, ವಿಮೆ ಮತ್ತು ಸೆಸ್

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಕಟ್ಟುತ್ತಿದ್ದ ಮನೆಯಲ್ಲಿ ಸೆಂಟ್ರಿಂಗ್ ಹುಡುಗನೊಬ್ಬ ಮೊದಲ ಮಹಡಿಯಿಂದ ಬಿದ್ದ. ಸಾರ್ವೆಗೆ ಕಟ್ಟಿದ್ದ ಹಗ್ಗ ನೆಂದು ಸಡಿಲವಾಗಿತ್ತು, ಕಾಲಿಟ್ಟ ಮರ ಜಾರಿತು. ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು. ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದವರಲ್ಲಿ ನಾನೂ ಒಬ್ಬ. ಆಸ್ಪತ್ರೆಯ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿ ಅಂದರು. ಮೇಸ್ತ್ರಿ, "ಸಾರ್, ಮನೆ ನಿಮ್ದು, ನೀವೇ ಕಟ್ಟಬೇಕು" ಅಂದರು. ಮನೆಯವರು, "ಮೇಸ್ತ್ರಿ, ಹುಡುಗ ನಿಮ್ಮ ಕಡೆಯವನು, ಕಾಂಟ್ರಾಕ್ಟ್ ಪೂರ್ತಿ ನಿಮಗೇ ಕೊಟ್ಟಿದ್ದೀನಲ್ಲ" ಅಂದರು. ಹುಡುಗ ಸ್ಟ್ರೆಚರ್ ಮೇಲೆ ಮಲಗಿ ಇಬ್ಬರ ಮುಖವನ್ನೂ ನೋಡುತ್ತಿದ್ದ.

ಇಬ್ಬರೂ ಕೆಟ್ಟವರಲ್ಲ. ಕಾನೂನು ಏನು ಹೇಳುತ್ತದೆ ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ಅವರ ಒಪ್ಪಂದದ ಕಾಗದ ನೋಡಿದೆ. ಚದರಕ್ಕೆ ಎಷ್ಟು, ಯಾವ ಸಿಮೆಂಟು, ಕಬ್ಬಿಣ ಎಷ್ಟು ಎಂಎಂ, ಬಾತ್‌ರೂಮಿಗೆ ಎಷ್ಟು ಅಡಿವರೆಗೆ ಟೈಲ್ಸ್, ಎಲ್ಲಾ ಇತ್ತು. ಮನುಷ್ಯ ಬಿದ್ದರೆ ಏನು ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ.

ಈ ವಿಷಯ ಈಗ ಇನ್ನೂ ಮುಖ್ಯ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾನೂನುಗಳು ಇವುಗಳೊಳಗೆ ಸೇರಿಕೊಂಡವು. ಕಟ್ಟಡ ಕಾರ್ಮಿಕರ 1996ರ ಕಾನೂನು, ಕೆಲಸಗಾರರ ಪರಿಹಾರದ 1923ರ ಕಾನೂನು ಎರಡೂ ಆ ಪಟ್ಟಿಯಲ್ಲಿವೆ. ಮೂಲ ತತ್ವ ಹೆಚ್ಚು ಬದಲಾಗಿಲ್ಲ, ಕೆಲವು ಮಿತಿಗಳು ಬದಲಾಗಿವೆ. ಮನೆ ಕಟ್ಟಿಸುವವರಿಗೂ, ಸಣ್ಣಪುಟ್ಟ ಗುತ್ತಿಗೆ ಹಿಡಿಯುವವರಿಗೂ ತಿಳಿದಿರಬೇಕಾದ್ದನ್ನು ಮೊದಲಿನಿಂದ ಹೇಳುತ್ತೇನೆ.

## ಮನೆ ಕಟ್ಟುವ ಗುತ್ತಿಗೆದಾರನಿಗೆ ಲೈಸೆನ್ಸ್ ಇರಲೇಬೇಕಾ?

ಕೇಳಿದರೆ ಆಶ್ಚರ್ಯವಾಗಬಹುದು. ಕರ್ನಾಟಕದಲ್ಲಿ ಖಾಸಗಿ ಮನೆ ಕಟ್ಟಲು ಸಿವಿಲ್ ಗುತ್ತಿಗೆದಾರನಿಗೆ ಅಂತ ಪರೀಕ್ಷೆ ಪಾಸಾಗಿ ಪಡೆಯುವ ಲೈಸೆನ್ಸ್ ಇಲ್ಲ. ಆಟೋ ಓಡಿಸಲು ಲೈಸೆನ್ಸ್ ಬೇಕು, ಮೂರು ಮಹಡಿ ಎಬ್ಬಿಸಲು ಬೇಡ. "ಕ್ಲಾಸ್ ಒನ್ ಕಾಂಟ್ರಾಕ್ಟರ್" ಅಂತ ಬೋರ್ಡು ನೋಡಿರುತ್ತೀರಿ. ಅದು ಲೋಕೋಪಯೋಗಿ ಇಲಾಖೆಯಂಥ ಕಡೆ ಸರ್ಕಾರಿ ಕೆಲಸದ ಟೆಂಡರ್ ಹಾಕಲು ಮಾಡಿಸುವ ನೋಂದಣಿ. ಎಷ್ಟು ದೊಡ್ಡ ಮೊತ್ತದ ಕೆಲಸ ಹಿಡಿಯಬಹುದು ಅನ್ನೋದನ್ನು ಆ ದರ್ಜೆ ಹೇಳುತ್ತದೆ. ಅದು ಅವರ ಅನುಭವಕ್ಕೆ ಒಂದು ಸಾಕ್ಷಿ ನಿಜ, ಆದರೆ ನಿಮ್ಮ ಮನೆ ಕೆಲಸಕ್ಕೆ ಸಿಕ್ಕ ಗ್ಯಾರಂಟಿ ಅಲ್ಲ.

ಹಾಗಂತ ಎಲ್ಲದಕ್ಕೂ ಲೈಸೆನ್ಸ್ ಬೇಡ ಅಂತಲ್ಲ. ವೈರಿಂಗ್ ಮಾಡುವ ಎಲೆಕ್ಟ್ರಿಕಲ್ ಗುತ್ತಿಗೆದಾರನಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಕಡ್ಡಾಯ. ಮೀಟರ್ ಬೇಕು ಅಂದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಲೈಸೆನ್ಸ್ ಇರುವವರ ಸಹಿ ಬೇಕು. ಲಿಫ್ಟ್ ಹಾಕಿಸುವುದಾದರೆ ಅದಕ್ಕೆ 2012ರ ಪ್ರತ್ಯೇಕ ರಾಜ್ಯ ಕಾನೂನಿದೆ. ನಕ್ಷೆಗೆ ಸಹಿ ಹಾಕುವ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್‌ಗೂ ನೋಂದಣಿ ಇರಬೇಕು. ಗೋಡೆ ಎಬ್ಬಿಸುವ, ಮೌಲ್ಡ್ ಹಾಕುವ ಮುಖ್ಯ ಗುತ್ತಿಗೆದಾರನ ವಿಷಯದಲ್ಲಿ ಮಾತ್ರ ಹೊಣೆ ನಿಮ್ಮ ಮೇಲೆ ಬರುತ್ತದೆ. ವಿಚಾರಿಸಬೇಕಾದವರು ನೀವೇ.

ಇನ್ನು ಕಾರ್ಮಿಕ ಇಲಾಖೆಯ ಕಡೆಯಿಂದ ಬರುವ ನೋಂದಣಿ. ಹತ್ತು ಅಥವಾ ಹೆಚ್ಚು ಜನರನ್ನು ಇಟ್ಟು ಕೆಲಸ ಮಾಡಿಸುವ ಕಟ್ಟಡ ಕೆಲಸ ನೋಂದಣಿಯಾಗಬೇಕು. ಬೇರೆಯವರಿಗೆ ಆಳು ಒದಗಿಸುವ ಗುತ್ತಿಗೆದಾರನಿಗೆ ಹಳೆಯ ಕಾನೂನಿನಲ್ಲಿ 20 ಅಥವಾ ಹೆಚ್ಚು ಜನ ಇದ್ದರೆ ಲೇಬರ್ ಲೈಸೆನ್ಸ್ ಬೇಕಿತ್ತು, ಹೊಸ ಸಂಹಿತೆಯಲ್ಲಿ ಅದು 50 ಆಗಿದೆ. ಆರೇಳು ಜನರ ತಂಡ ಇಟ್ಟುಕೊಂಡು ಊರೂರು ಸುತ್ತುವ ಮೇಸ್ತ್ರಿ ಇವೆರಡಕ್ಕೂ ಸಿಗುವುದಿಲ್ಲ. ನಮ್ಮ ಸುತ್ತ ಮನೆ ಕಟ್ಟುವವರಲ್ಲಿ ಜಾಸ್ತಿ ಇಂಥವರೇ ಅಲ್ವಾ?

## ಬಿದ್ದವನು ಯಾರ ಕೆಲಸಗಾರ?

ಇಡೀ ವಿಷಯದ ಬುಡ ಇದು.

ಮದುವೆಗೆ ಅಡುಗೆ ಭಟ್ಟರಿಗೆ ಗುತ್ತಿಗೆ ಕೊಡುವುದನ್ನು ನೆನಪಿಸಿಕೊಳ್ಳಿ. ಎಲೆಗೆ ಇಷ್ಟು ಅಂತ ಮಾತಾಡುತ್ತೀರಿ. ಬಡಿಸುವವರು, ತರಕಾರಿ ಹೆಚ್ಚುವವರು ಎಲ್ಲಾ ಅವರ ಜನ. ಕೂಲಿ ಕೊಡುವವರು ಅವರು, ಬೈಯುವವರು ಅವರು, ನಾಳೆ ಬರಬೇಡ ಅನ್ನುವವರೂ ಅವರು. ಸಾರಿನ ಹಂಡೆ ಮಗುಚಿ ಒಬ್ಬನ ಕಾಲು ಸುಟ್ಟರೆ ಅವನು ಭಟ್ಟರ ಕೆಲಸಗಾರ. ಅದೇ ಮದುವೆಗೆ ನೀವೇ ಪಕ್ಕದೂರಿನಿಂದ ನಾಲ್ಕು ಜನರನ್ನು ಕರೆಸಿ, ದಿನಕ್ಕೆ ಇಷ್ಟು ಅಂತ ಕೈಗೆ ಕೊಟ್ಟು, ಇದು ಮಾಡಿ ಅದು ಮಾಡಿ ಅಂತ ಹೇಳುತ್ತಿದ್ದರೆ? ಆಗ ಅವರಿಗೆ ಯಜಮಾನರು ನೀವು.

ಕಟ್ಟಡದಲ್ಲೂ ಹೀಗೇ. ಮೆಟೀರಿಯಲ್ ಸಮೇತ ಪೂರ್ತಿ ಗುತ್ತಿಗೆ ಕೊಟ್ಟಿದ್ದರೆ ಕೆಲಸಗಾರರಿಗೆ ಉದ್ಯೋಗದಾತ ಗುತ್ತಿಗೆದಾರ. ಪರಿಹಾರದ ಮೊದಲ ಹೊಣೆ ಅವನದು. ಆದರೆ ಅನೇಕರು ದುಡ್ಡು ಉಳಿಯುತ್ತೆ ಅಂತ ಸಿಮೆಂಟು, ಜಲ್ಲಿ, ಎಂ ಸ್ಯಾಂಡು ತಾವೇ ತರಿಸಿ, ಗಾರೆಯವರನ್ನೂ ತಾವೇ ಗೊತ್ತು ಮಾಡಿ, ಶನಿವಾರ ಸಂಜೆ ಬಟವಾಡೆಯನ್ನೂ ತಮ್ಮ ಕೈಯಿಂದಲೇ ಮಾಡುತ್ತಾರೆ. ಅಲ್ಲಿ ಗುತ್ತಿಗೆದಾರ ಅಂತ ಯಾರೂ ಇಲ್ಲ. ಅಪಘಾತವಾದರೆ ಉದ್ಯೋಗದಾತ ನೀವೇ ಅಂತ ವಾದಿಸಲು ಪೂರ್ತಿ ಅವಕಾಶ ಇರುತ್ತದೆ.

ಇನ್ನೊಂದು ನಿಯಮ ಇದೆ. ಒಬ್ಬ ತನ್ನ ವ್ಯಾಪಾರ, ಉದ್ಯಮದ ಭಾಗವಾದ ಕೆಲಸವನ್ನೇ ಬೇರೆಯವರಿಗೆ ಗುತ್ತಿಗೆ ಕೊಟ್ಟರೆ, ಆ ಗುತ್ತಿಗೆದಾರನ ಕೆಲಸಗಾರರಿಗೂ ಅವನು ಹೊಣೆ. ಕಟ್ಟಿ ಮಾರುವ ಬಿಲ್ಡರ್ ಸೆಂಟ್ರಿಂಗ್ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ. ಪರಿಹಾರವನ್ನು ಮೊದಲು ಅವನು ಕೊಟ್ಟು, ಆಮೇಲೆ ಕೆಳಗಿನ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ತಾನಿರಲು ಒಂದು ಮನೆ ಕಟ್ಟಿಸುವವರಿಗೆ ಕಟ್ಟಡವೇ ವ್ಯಾಪಾರ ಅಲ್ಲ, ಹಾಗಾಗಿ ಈ ನಿಯಮ ಅವರ ಮೇಲೆ ಅದೇ ರೀತಿ ಬೀಳುವುದಿಲ್ಲ.

## ಪರಿಹಾರದ ಲೆಕ್ಕ ಹೇಗೆ?

"ಒಂದೆರಡು ಲಕ್ಷ ಕೊಟ್ಟರೆ ಮುಗೀತು" ಅಂತ ಸೈಟುಗಳಲ್ಲಿ ಮಾತಾಡುವುದು ಕೇಳಿದ್ದೇನೆ. ಹಾಗಿಲ್ಲ. ಲೆಕ್ಕ ಕಾನೂನಿನಲ್ಲೇ ಬರೆದಿದೆ.

ಕೆಲಸಗಾರ ಸತ್ತರೆ, ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ವಯಸ್ಸು ಚಿಕ್ಕದಿದ್ದಷ್ಟೂ ಅಂಕಿ ದೊಡ್ಡದು, ಯಾಕೆಂದರೆ ಅವನು ದುಡಿಯಬೇಕಿದ್ದ ವರ್ಷಗಳು ಜಾಸ್ತಿ. 30 ವರ್ಷದವರಿಗೆ 207.98, 40ಕ್ಕೆ 184.17, 50ಕ್ಕೆ 153.09. ತಿಂಗಳ ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ. ಈ ಮಿತಿ 2020ರ ಜನವರಿಯಲ್ಲಿ ಬಂತು, ಅದಕ್ಕೂ ಮೊದಲು ಬರೀ 8,000 ಇತ್ತು. ಈಗ ಗಾರೆಯವರ ದಿನಗೂಲಿ ನೋಡಿದರೆ ಬಹುತೇಕ ಎಲ್ಲರೂ ಈ 15,000 ದಾಟುತ್ತಾರೆ.

ಈಗ ಗುಣಿಸಿ. 15,000ದ ಅರ್ಧ 7,500. ಅದನ್ನು 207.98ರಿಂದ ಗುಣಿಸಿದರೆ 15,59,850. ಮೂವತ್ತು ವರ್ಷದ ಒಬ್ಬ ಕೆಲಸಗಾರ ನಿಮ್ಮ ಸೈಟಿನಲ್ಲಿ ಸತ್ತರೆ ಅವನ ಮನೆಯವರಿಗೆ ಸಲ್ಲಬೇಕಾದ ಹಣ ಹದಿನೈದೂವರೆ ಲಕ್ಷಕ್ಕೂ ಜಾಸ್ತಿ. ಬದುಕಿ, ಮತ್ತೆಂದೂ ದುಡಿಯಲಾಗದ ಸ್ಥಿತಿ ಬಂದರೆ ಅರ್ಧದ ಬದಲು ನೂರಕ್ಕೆ 60 ಹಿಡಿಯಬೇಕು. ಆಗ 18,71,820. ಕೈಯೋ ಕಾಲೋ ಭಾಗಶಃ ಊನವಾದರೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದರ ಮೇಲೆ ಲೆಕ್ಕ. ಆ ಸೆಂಟ್ರಿಂಗ್ ಹುಡುಗನ ಹಾಗೆ ಕೆಲವು ತಿಂಗಳು ಮಲಗಿದರೆ, ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಕಾಲು ಭಾಗ ಕೊಡಬೇಕು, ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಬೇರೆ.

ಇಲ್ಲಿ ಜನ ತಪ್ಪು ತಿಳಿದಿರುವ ಮೂರು ವಿಷಯಗಳಿವೆ. "ಅವನು ಕುಡಿದಿದ್ದ", "ಹೆಲ್ಮೆಟ್ ಕೊಟ್ಟರೂ ಹಾಕಲಿಲ್ಲ" ಅನ್ನುವ ವಾದ ಸಣ್ಣ ಗಾಯಗಳಿಗೆ ನಡೆಯಬಹುದು. ಸಾವಿಗೆ, ಪೂರ್ಣ ಶಾಶ್ವತ ಊನಕ್ಕೆ ಅದು ನಡೆಯುವುದಿಲ್ಲ. ಇನ್ನೊಂದು, "ಏನಾದರೂ ಆದರೆ ನಾನೇ ಜವಾಬ್ದಾರ" ಅಂತ ಕೆಲಸಗಾರನಿಂದ ಸಹಿ ಹಾಕಿಸಿಕೊಂಡ ಕಾಗದಕ್ಕೆ ಬೆಲೆ ಇಲ್ಲ. ಪರಿಹಾರದ ಹಕ್ಕನ್ನು ಹಾಗೆ ಬರೆದುಕೊಡಲು ಬರುವುದಿಲ್ಲ. ಮೂರನೆಯದು ತುಂಬಾ ಮುಖ್ಯ. ಸಾವಿನ ಪ್ರಕರಣದಲ್ಲಿ ಪರಿಹಾರದ ಹಣವನ್ನು ಇದಕ್ಕೆಂದೇ ಸರ್ಕಾರ ನೇಮಿಸಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು, ಅವರು ಅದನ್ನು ಅವಲಂಬಿತರಿಗೆ ಹಂಚುತ್ತಾರೆ. ಊರಿನ ನಾಲ್ಕು ಜನರನ್ನು ಕೂರಿಸಿಕೊಂಡು ಹೆಂಡತಿ ಮಕ್ಕಳ ಕೈಗೆ ಎರಡು ಲಕ್ಷ ಕೊಟ್ಟು "ರಾಜಿ ಆಯ್ತು" ಅಂತ ಬರೆಸಿಕೊಂಡರೆ ಕಾನೂನು ಅದನ್ನು ಪರಿಹಾರ ಕೊಟ್ಟಂತೆ ಹಿಡಿಯುವುದಿಲ್ಲ. ಓದು ಬರಹ ಬಾರದ ಎಷ್ಟೋ ಸಂಸಾರಗಳು ಇಂಥ ರಾಜಿಯಲ್ಲಿ ತಮಗೆ ಬರಬೇಕಾದ್ದನ್ನು ಕಳೆದುಕೊಂಡಿವೆ, ನೆನೆದರೆ ಸಂಕಟವಾಗುತ್ತದೆ.

ತಿಂಗಳೊಳಗೆ ಕೊಡದೆ ಎಳೆದಾಡಿದರೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಸೇರುತ್ತದೆ. ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಅರ್ಧದಷ್ಟರವರೆಗೆ ದಂಡವನ್ನೂ ಹಾಕಬಹುದು. ಹೊಸ ಸಂಹಿತೆಯಲ್ಲಿ ಇನ್ನೊಂದು ಮಾತು ಸೇರಿದೆ: ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಹೋಗುವಾಗ ಆದ ಅಪಘಾತಕ್ಕೆ ಕೆಲಸದ ಜೊತೆ ಸಂಬಂಧ ಇದ್ದರೆ ಅದನ್ನೂ ಕೆಲಸದ ವೇಳೆಯ ಅಪಘಾತ ಅಂತಲೇ ಹಿಡಿಯುತ್ತಾರೆ. ಬೆಳಿಗ್ಗೆ ಟಾಟಾ ಏಸ್ ಹಿಂದೆ ಹದಿನೈದು ಜನ ನಿಂತು ಬರುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

## ಆ ಹಣ ಬರುವುದೆಲ್ಲಿಂದ? ಡಬ್ಲ್ಯುಸಿ ಪಾಲಿಸಿ

ಚದರಕ್ಕೆ ಲೆಕ್ಕ ಹಾಕಿ ಬದುಕುವ ಮೇಸ್ತ್ರಿ ಹದಿನೈದು ಲಕ್ಷ ಎಲ್ಲಿಂದ ತರಬೇಕು? ತೀರ್ಪು ಬಂದರೂ ವಸೂಲಾಗುವುದಿಲ್ಲ. ಅದಕ್ಕೇ ವಿಮೆ.

ಇದನ್ನು ವಿಮಾ ಏಜೆಂಟರು ವರ್ಕ್‌ಮೆನ್ ಕಾಂಪೆನ್ಸೇಷನ್, ಚಿಕ್ಕದಾಗಿ ಡಬ್ಲ್ಯುಸಿ ಪಾಲಿಸಿ ಅನ್ನುತ್ತಾರೆ. ಕಾನೂನು ಪ್ರಕಾರ ಉದ್ಯೋಗದಾತ ಕೊಡಬೇಕಾದ ಪರಿಹಾರವನ್ನು ಅವನ ಪರವಾಗಿ ವಿಮಾ ಕಂಪನಿ ಕೊಡುತ್ತದೆ. ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಹೇಗೋ ಹಾಗೆ, ಆದರೆ ಗಾಡಿಯ ವಿಮೆ ಇಲ್ಲದಿದ್ದರೆ ಪೊಲೀಸರು ರಸ್ತೆಯಲ್ಲಿ ಹಿಡಿಯುತ್ತಾರೆ, ಇದನ್ನು ಮನೆ ಕಟ್ಟುವಲ್ಲಿ ಬಂದು ಕೇಳುವವರು ಯಾರೂ ಇಲ್ಲ. ಅದಕ್ಕೇ ಮಾಡಿಸುವವರು ಕಡಿಮೆ.

ಪ್ರೀಮಿಯಂ ಲೆಕ್ಕ ಸರಳ. ಎಷ್ಟು ಜನ, ಯಾವ ಕೆಲಸ, ಒಟ್ಟು ಎಷ್ಟು ಕೂಲಿ ಬಟವಾಡೆ ಆಗುತ್ತದೆ ಅನ್ನೋದರ ಮೇಲೆ ನಿಂತಿದೆ. ದಿನಾ ಆಳು ಬದಲಾಗುವ ಕಡೆ ಹೆಸರು ಬರೆಯದೆ, ಗಾರೆಯವರು ಇಷ್ಟು, ಹೆಲ್ಪರ್ ಇಷ್ಟು ಅಂತ ಸಂಖ್ಯೆ ಕೊಟ್ಟೂ ಮಾಡಿಸಬಹುದು. ಪ್ರೀಮಿಯಂ ಉಳಿಸಲು ಆರು ಜನ ಅಂತ ಬರೆಸಿ ಹದಿನೆಂಟು ಜನರನ್ನು ದುಡಿಸಿದರೆ ಕ್ಲೇಮ್ ಹೊತ್ತಿನಲ್ಲಿ ಅದೇ ಕುತ್ತಿಗೆಗೆ ಬರುತ್ತದೆ.

ಪಾಲಿಸಿ ಕೈಗೆ ಬಂದಾಗ ಎರಡು ಕಡೆ ಬೆರಳಿಟ್ಟು ಓದಿ. ಉಪಗುತ್ತಿಗೆದಾರರ ಕೆಲಸಗಾರರು ಸೇರಿದ್ದಾರಾ? ಮೇಸ್ತ್ರಿ ತನ್ನ ಹೆಸರಲ್ಲಿ ಪಾಲಿಸಿ ಮಾಡಿಸಿ, ಬಾರ್ ಬೆಂಡಿಂಗ್ ಬೇರೆ ತಂಡಕ್ಕೆ, ಪ್ಲಂಬಿಂಗ್ ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ. ಬರೆಸದಿದ್ದರೆ ಅವರು ಹೊರಗೆ. ಆಮೇಲೆ, ಆಸ್ಪತ್ರೆ ಖರ್ಚು ಸೇರಿದೆಯಾ, ತಲೆಗೆ ಎಷ್ಟರವರೆಗೆ? ಇದು ಸಾಮಾನ್ಯವಾಗಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಾದ ಭಾಗ. ನಮ್ಮ ಬೀದಿಯ ಹುಡುಗನಿಗೆ ಆ ದಿನ ಬೇಕಿದ್ದದ್ದು ಇದೇ. ತಡ ಮಾಡಿದ್ದಕ್ಕೆ ಹಾಕುವ ದಂಡವನ್ನು ಮಾತ್ರ ವಿಮಾ ಕಂಪನಿ ಕಟ್ಟುವುದಿಲ್ಲ, ಅದು ಉದ್ಯೋಗದಾತನ ಜೇಬಿನಿಂದಲೇ.

ಇಎಸ್‌ಐ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮೆ, ಅನ್ವಯವಾಗುವ ಕೆಲಸಗಾರರಿಗೆ ಈ ಪರಿಹಾರ ಇಎಸ್‌ಐ ಕಡೆಯಿಂದಲೇ ಬರುತ್ತದೆ, ಎರಡೂ ಕಡೆ ಪಡೆಯುವ ಹಾಗಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ, ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಅದು. ದೊಡ್ಡ ಕಂಪನಿಗಳ ಸೈಟುಗಳಲ್ಲಿ ಕಾಣುತ್ತದೆ, ಬೀದಿಯ ಮನೆಗಳಲ್ಲಿ ಅಪರೂಪ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಂತ ಒಂದಿದೆ, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತ, ಅಪಘಾತದಲ್ಲಿ ಸತ್ತರೆ 2 ಲಕ್ಷ. ನಿಮ್ಮ ಮನೆ ಕಟ್ಟುವವರಿಗೆ ಅದನ್ನು ಮಾಡಿಸಿಕೊಡಿ, ಒಳ್ಳೆಯದು. ಆದರೆ ಅದು ಕಾನೂನಿನ ಪರಿಹಾರದ ಜಾಗದಲ್ಲಿ ನಿಲ್ಲುವುದಿಲ್ಲ.

## ಸೆಸ್ ಕಟ್ಟಿದ್ದೀನಲ್ಲ, ಮತ್ತೆ ವಿಮೆ ಯಾಕೆ?

ನಕ್ಷೆ ಮಂಜೂರು ಮಾಡಿಸುವಾಗ ಪಾಲಿಕೆ ಅಥವಾ ಪುರಸಭೆಯಲ್ಲಿ ಲೇಬರ್ ಸೆಸ್ ಅಂತ ಕಟ್ಟಿಸಿಕೊಳ್ಳುತ್ತಾರೆ. ಕಟ್ಟಡದ ವೆಚ್ಚದ ನೂರಕ್ಕೆ ಒಂದು. ನಿವೇಶನದ ಬೆಲೆ ಇದರಲ್ಲಿ ಸೇರುವುದಿಲ್ಲ. ಒಂದು ಕೋಟಿಯ ಕಟ್ಟಡಕ್ಕೆ ಒಂದು ಲಕ್ಷ. ಇದು ದೇವಸ್ಥಾನದ ಹುಂಡಿಯ ಹಾಗೆ: ರಾಜ್ಯದಲ್ಲಿ ಕಟ್ಟಿಸುವವರೆಲ್ಲ ಹಾಕಿದ್ದು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಅಲ್ಲಿಂದ ನೋಂದಾಯಿತ ಕಾರ್ಮಿಕರಿಗೆ ಪಿಂಚಣಿ, ಮಕ್ಕಳ ಓದಿಗೆ ಸಹಾಯಧನ, ಮದುವೆ, ಹೆರಿಗೆ, ಚಿಕಿತ್ಸೆ, ಅಪಘಾತ ಪರಿಹಾರ ಸಿಗುತ್ತದೆ.

ಹುಂಡಿಗೆ ಹಾಕಿದ ದುಡ್ಡು ನಿಮ್ಮ ಸೈಟಿಗೆ ಅಂತ ಮೀಸಲಾಗಿ ಇರುವುದಿಲ್ಲ. ಸೆಸ್ ಕಟ್ಟಿದ ರಸೀದಿ ತೋರಿಸಿ ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದು ಬೇರೆ, ಇದು ಬೇರೆ.

ಸ್ವಂತ ವಾಸದ ಮನೆಗೆ ಒಂದು ವಿನಾಯಿತಿ ಇದೆ. ಹಳೆಯ ಕಾನೂನಿನಲ್ಲಿ 10 ಲಕ್ಷದವರೆಗಿನ ಮನೆ ಹೊರಗಿತ್ತು. ಈಗಿನ ಬೆಲೆಯಲ್ಲಿ ಹತ್ತು ಲಕ್ಷಕ್ಕೆ ಎರಡು ಕೋಣೆಯೂ ಆಗುವುದಿಲ್ಲ, ಹಾಗಾಗಿ ಅದು ಹೆಸರಿಗಷ್ಟೇ ಇತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮಿತಿ 50 ಲಕ್ಷ. ಗಮನಿಸಿ, ಸ್ವಂತ ವಾಸಕ್ಕೆ ಅನ್ನುವ ಮಾತಿದೆ. ಕೆಳಗೆ ಎರಡು ಅಂಗಡಿ, ಮೇಲೆ ಮೂರು ಬಾಡಿಗೆ ಮನೆ ಕಟ್ಟಿಸಿದರೆ ವಿನಾಯಿತಿ ಅದಕ್ಕೆ ಅಂತ ಹೇಳಲು ಕಷ್ಟ.

ಕೆಲಸಗಾರರ ಕಡೆಯಿಂದ ನೋಡಿದರೆ ಮಂಡಳಿಯಲ್ಲಿ ನೋಂದಾಯಿಸಿ ಪಡೆಯುವ ಕಾರ್ಡ್ ಮುಖ್ಯ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ಆ 90 ದಿನಕ್ಕೆ ಪ್ರಮಾಣಪತ್ರ ಬೇಕು. ಕಟ್ಟಡದ ಮುಖವನ್ನೇ ನೋಡದವರು ಸುಳ್ಳು ಕಾರ್ಡ್ ಮಾಡಿಸಿಕೊಂಡು, ಇಲಾಖೆ ಅವನ್ನೆಲ್ಲ ರದ್ದು ಮಾಡಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತು. ನಿಜವಾಗಿ ಇಟ್ಟಿಗೆ ಹೊತ್ತವಳಿಗೆ ಮಾತ್ರ ಸಹಿ ಹಾಕಿಕೊಡುವವರು ಸಿಗುವುದಿಲ್ಲ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಬ್‌ಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದಾಗ ಸಿಕ್ಕಿಬಿದ್ದವರಲ್ಲಿ ಬಿಹಾರದಂಥ ದೂರದ ಊರುಗಳಿಂದ ಬಂದವರಿದ್ದರು. ಹೊರ ರಾಜ್ಯದವರೂ ಇಲ್ಲಿ ದುಡಿದಿದ್ದರೆ ಇಲ್ಲಿನ ಮಂಡಳಿಯಲ್ಲಿ ನೋಂದಾಯಿಸಬಹುದು. ನಿಮ್ಮ ಸೈಟಿನಲ್ಲಿ ದುಡಿದವರಿಗೆ ಆ ಸಹಿ ಮಾಡಿಕೊಡಿ.

## ಪಕ್ಕದ ಮನೆ ಗೋಡೆ ಬಿರುಕು ಬಿಟ್ಟರೆ?

ಇದುವರೆಗೆ ಹೇಳಿದ್ದು ಕೆಲಸಗಾರರ ಮಾತು. ಕಟ್ಟಡಕ್ಕೇ ಹಾನಿಯಾದರೆ, ದಾರಿಹೋಕರಿಗೆ ಏಟಾದರೆ ಡಬ್ಲ್ಯುಸಿ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್, ಅಂದರೆ ಸಿಎಆರ್ ಪಾಲಿಸಿ. ಇದರಲ್ಲಿ ಎರಡು ಭಾಗ. ಒಂದು, ಕಟ್ಟುತ್ತಿರುವ ಕಟ್ಟಡ ಮತ್ತು ಸೈಟಿನಲ್ಲಿರುವ ಸಾಮಾನಿಗೆ ಬೆಂಕಿ, ಪ್ರವಾಹ, ಗಾಳಿಮಳೆ, ಕಳ್ಳತನ, ಕುಸಿತದಿಂದ ಆಗುವ ನಷ್ಟ. ಇನ್ನೊಂದು, ಹೊರಗಿನವರ ಜೀವಕ್ಕೆ, ಆಸ್ತಿಗೆ ಆದ ಹಾನಿ.

ಹೊರಗಿನವರು ಅಂದರೆ ಯಾರು ಅಂತ ತಿಳಿಯಲು 2023ರ ಜನವರಿ 10 ನೆನಪಿಸಿಕೊಂಡರೆ ಸಾಕು. ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗು ಸತ್ತರು. ಆ ಕೆಲಸಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ಈ ಪಾಲಿಸಿ ಏನು ಕೊಡುವುದಿಲ್ಲ ಅನ್ನೋದನ್ನು ಮೊದಲು ಓದಬೇಕು. ಡಿಸೈನ್ ತಪ್ಪಾಗಿ ಬಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಳಪೆ ಸಾಮಾನು ಬದಲಾಯಿಸುವ ಖರ್ಚೂ ಇಲ್ಲ. ಕೆಲಸ ಅರ್ಧಕ್ಕೆ ನಿಂತ ಕಾರಣಕ್ಕೆ ಆದ ನಷ್ಟವೂ ಹೊರಗೆ. ಮಂಜೂರಾದ ನಕ್ಷೆಯಲ್ಲಿ ಎರಡು ಮಹಡಿ, ಎಬ್ಬಿಸಿದ್ದು ನಾಲ್ಕು ಅಂದರೆ ಕ್ಲೇಮ್‌ಗೆ ತಕರಾರು ಖಚಿತ. ಇನ್ನು ನಮ್ಮ 30x40 ಸೈಟುಗಳಿಗೆ ತುಂಬಾ ಹತ್ತಿರದ ವಿಷಯ ಒಂದಿದೆ: ಜೆಸಿಬಿ ಪಾಯ ತೆಗೆಯುವಾಗ ನೆಲ ಅದುರಿ, ಇಲ್ಲವೇ ನೀರಿನ ಸಂಪ್‌ಗಾಗಿ ಆಳ ಅಗೆದು ಪಕ್ಕದ ಮನೆಯ ಬುಡದ ಮಣ್ಣು ಜಾರಿ, ಅವರ ಗೋಡೆ ಬಿರುಕು ಬಿಡುವುದು. ಈ ಅದುರುವಿಕೆ ಮತ್ತು ಆಧಾರ ಸಡಿಲಾಗುವ ಹಾನಿ ಮೂಲ ಪಾಲಿಸಿಯಲ್ಲಿ ಇರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು. ಪಾಯ ತೆಗೆಯುವ ಹಿಂದಿನ ದಿನ ಪಕ್ಕದವರನ್ನು ಕರೆದು, ಅವರ ಗೋಡೆಯ ಫೋಟೋ ದಿನಾಂಕ ಸಮೇತ ಅವರೆದುರೇ ತೆಗೆದಿಡಿ. ಹಳೆಯ ಬಿರುಕು ಯಾವುದು, ಹೊಸದು ಯಾವುದು ಅನ್ನುವ ಜಗಳ ಆಗ ಬರುವುದಿಲ್ಲ. ರಸ್ತೆಗಿಳಿಯುವ ಜೆಸಿಬಿಗೆ ಗಾಡಿಯಾಗಿ ಬೇರೆಯೇ ಥರ್ಡ್ ಪಾರ್ಟಿ ವಿಮೆ ಇರಬೇಕು, ಅದರ ಪ್ರತಿಯನ್ನೂ ಕೇಳಿ.

## ಸರ್ಕಾರಿ ಕೆಲಸ, ಅಪಾರ್ಟ್‌ಮೆಂಟು

ಸರ್ಕಾರಿ ಕಾಮಗಾರಿಗಳಲ್ಲಿ ವಿಮೆಯ ಷರತ್ತನ್ನು ಟೆಂಡರ್ ಕಾಗದದಲ್ಲೇ ಬರೆದಿರುತ್ತಾರೆ, ದೊಡ್ಡ ಕೆಲಸಗಳಲ್ಲಿ ಇಲಾಖೆ ಮತ್ತು ಗುತ್ತಿಗೆದಾರ ಇಬ್ಬರ ಜಂಟಿ ಹೆಸರಿನಲ್ಲಿ ಮಾಡಿಸಬೇಕು. ಮನೆ ಕಟ್ಟಿಸುವವರೂ ಇದನ್ನೇ ಎರವಲು ಪಡೆಯಬಹುದು. ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನಿದೆ: ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿ ಮಾಡಿಕೊಡಬೇಕು. ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದ ಕಟ್ಟಿಸಿದವರಿಗೆ ಈ ರಕ್ಷಣೆ ಇಲ್ಲ, ಒಪ್ಪಂದದಲ್ಲಿ ಏನು ಬರೆದುಕೊಂಡಿದ್ದೀರೋ ಅಷ್ಟೇ.

## ಗುದ್ದಲಿ ಪೂಜೆಗೆ ಮೊದಲು

ಒಪ್ಪಂದದಲ್ಲಿ ನಾಲ್ಕು ಸಾಲು ಸೇರಿಸಿ. ಕೆಲಸಗಾರರೆಲ್ಲ ಗುತ್ತಿಗೆದಾರನ ಕಡೆಯವರು ಅಂತ. ಉಪಗುತ್ತಿಗೆದಾರರೂ ಸೇರಿದ ಡಬ್ಲ್ಯುಸಿ ಪಾಲಿಸಿ ಮಾಡಿಸಿ, ಪ್ರತಿಯನ್ನು ಕೆಲಸ ಶುರುವಾಗುವ ಮೊದಲು ಕೊಡಬೇಕು ಅಂತ. ಪ್ರೀಮಿಯಂ ಯಾರು ಕಟ್ಟಬೇಕು ಅಂತ. ಹೆಲ್ಮೆಟ್, ಬೆಲ್ಟ್, ಗಟ್ಟಿ ಸಾರ್ವೆ ಯಾರು ಒದಗಿಸಬೇಕು ಅಂತ. ಮೇಸ್ತ್ರಿಗೆ ಪ್ರೀಮಿಯಂ ಭಾರವಾದರೆ ನೀವೇ ಕಟ್ಟಿಕೊಡಿ. ಲಕ್ಷಗಟ್ಟಲೆ ಗ್ರಾನೈಟಿಗೆ ಹಾಕುವವರಿಗೆ ಅದು ದೊಡ್ಡ ಮೊತ್ತ ಆಗುವುದಿಲ್ಲ.

ಪಾಲಿಸಿಯ ಪ್ರತಿ ಬಂದ ದಿನ ಅದರ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆ ಕೆಲಸ ಹೇಳಿದ ತಿಂಗಳಿಗೆ ಮುಗಿಯುವುದಿಲ್ಲ ಅನ್ನೋದು ಕಟ್ಟಿಸಿದ ಎಲ್ಲರಿಗೂ ಗೊತ್ತು. ಒಂಬತ್ತು ತಿಂಗಳಿಗೆ ಮಾಡಿಸಿದ ಪಾಲಿಸಿ ಮುಗಿದಿರುತ್ತದೆ, ಹೊರಗೋಡೆಯ ಪ್ಲಾಸ್ಟರಿಂಗು, ಪೇಂಟಿಂಗು ಹನ್ನೊಂದನೇ ತಿಂಗಳಲ್ಲಿ ನಡೆಯುತ್ತಿರುತ್ತದೆ. ಜನ ಅತಿ ಎತ್ತರದಲ್ಲಿ, ಸಾರ್ವೆಯ ಮೇಲೆ ನಿಂತಿರುವುದು ಆಗಲೇ. ಅವಧಿ ಮುಗಿಯುವ ಮುಂಚೆಯೇ ವಿಮಾ ಕಂಪನಿಗೆ ಬರೆದು, ಉಳಿದ ತಿಂಗಳುಗಳಿಗೆ ವಿಸ್ತರಿಸಿಕೊಂಡು, ಹೊಸ ಪುಟವನ್ನು ಹಳೆಯದರ ಜೊತೆ ಪಿನ್ ಮಾಡಿ ಇಟ್ಟುಕೊಳ್ಳಿ.